ಕಾಣಿಕೆ ಮೊದಲೇ ಕೊಡಿ

ನಮ್ಮ ಬಾಗಲಕೋಟೆ ಸೀಮೆಯ ಊರುಗಳಲ್ಲಿ ಜಾತ್ರೆಯೆಂದರೆ ನಾಟಕ ಇರಲೇಬೇಕು. ಊರ ಹುಡುಗರೇ ಪಾತ್ರ ಮಾಡುತ್ತಾರೆ, ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಜನ ದುಡ್ಡು ಕೊಡುವುದಿಲ್ಲವೆಂದಲ್ಲ, ಕೈಬಿಚ್ಚಿಯೇ ಕೊಡುತ್ತಾರೆ. ಆದರೆ ನಾಟಕ ನಡೆಯುವಾಗ ಕೊಡುತ್ತಾರೆ. ಅದು ಬೇಕಾಗಿರುವುದು ಹದಿನೈದು ದಿನ ಮುಂಚೆ.

ಯಾಕೆಂದು ತಿಳಿಯಬೇಕಾದರೆ ನಾಟಕದ ದಿನ ಬೆಳಿಗ್ಗೆಯೇ ರಂಗದ ಹಿಂದೆ ಬರಬೇಕು. ಸೀನರಿ ಗಾಡಿ ಬಂದು ನಿಂತಿರುತ್ತದೆ. 30 ಅಡಿ ಅಗಲ, 20 ಅಡಿ ಆಳದ ಸ್ಟೇಜಿಗೆ ಅರಮನೆ, ಬೀದಿ, ಕಾಡು, ಬಡವರ ಮನೆ ಎಂದು ಕನಿಷ್ಠ ನಾಲ್ಕು ಪರದೆ. ಎರಡು ಪರದೆಗಳ ನಡುವೆ ಎರಡಡಿಯಾದರೂ ಜಾಗ ಬಿಡಬೇಕು. ಒತ್ತಿ ಕಟ್ಟಿದರೆ ಗಾಳಿಗೆ ಒಂದಕ್ಕೊಂದು ಸಿಕ್ಕು, ಎಳೆಯುವಾಗ ಹರಿಯುತ್ತವೆ. ಸಂಚಕಾರ, ಅಂದರೆ ಮುಂಗಡ, ತಡವಾಗಿ ಕೊಟ್ಟ ಊರಿಗೆ ಒಳ್ಳೆಯ ಪರದೆ ಉಳಿದಿರುವುದಿಲ್ಲ, ಬಣ್ಣ ಮಾಸಿದ್ದೇ ಬರುತ್ತದೆ.

ಮಧ್ಯಾಹ್ನ ಕರೆಂಟಿನ ಕೆಲಸ. ದುಡ್ಡು ಕಡಿಮೆ ಬಿದ್ದಾಗ ಮೊದಲು ಬಿಡುವುದು ಜನರೇಟರನ್ನು, ಅದೇ ಅಪಾಯ. 1000 ವ್ಯಾಟಿನ 8 ಲೈಟು ಹಾಕಿದರೆ 230 ವೋಲ್ಟಿನಲ್ಲಿ ಸುಮಾರು 35 ಆಂಪಿಯರ್ ಎಳೆಯುತ್ತವೆ. ಪಕ್ಕದ ಮನೆಯ ಮೀಟರಿನಿಂದ ತೆಳ್ಳನೆಯ ವೈರು ಎಳೆದು ಇಷ್ಟು ಭಾರ ಹೊರಿಸಿದರೆ ವೈರು ಕಾದು ಕರಗುತ್ತದೆ. ಪಕ್ಕದಲ್ಲೇ ಬಟ್ಟೆಯ ಪರದೆ ಇರುತ್ತದೆಂಬುದನ್ನು ಮರೆಯಬಾರದು. ಲೈಟಿಗೂ ಮೈಕಿಗೂ ಲೈನು ಬೇರೆ ಇರಬೇಕು, ಇಲ್ಲವಾದರೆ ಬೆಳಕು ಏರಿಸಿ ಇಳಿಸುವ ಡಿಮ್ಮರ್ ತಿರುಗಿಸಿದಾಗಲೆಲ್ಲ ಸೌಂಡ್ ಬಾಕ್ಸಿನಲ್ಲಿ ಗುಂಯ್‌ ಎನ್ನುತ್ತದೆ. ಸೌಂಡ್ ಬಾಕ್ಸುಗಳು ತೂಗುಮೈಕಿಗಿಂತ ಮುಂದೆ, ಜನರ ಕಡೆಗೆ ಮುಖ ಮಾಡಿರಲಿ. ಹಿಂದಿದ್ದರೆ ಅದರ ಸದ್ದು ಮೈಕಿಗೇ ಮರಳಿ ಹೊಕ್ಕು ಶಿಳ್ಳೆ ಹೊಡೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಹಾಡು. ಗಂಡಸರು ಸಾಮಾನ್ಯವಾಗಿ ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದರೆ ಕಲಾವಿದೆಯರ ಸ್ವರ ಕಪ್ಪು ಐದರ ಆಸುಪಾಸು. ಒಂದೇ ತಬಲಾವನ್ನು ಅಷ್ಟು ದೂರ ಏರಿಸಿ ಇಳಿಸಲಾಗದು, ಎರಡು ಬೇಕು. ಚಳಿಗಾಲದ ಇಬ್ಬನಿಗೆ ಚರ್ಮ ಸಡಿಲಾಗಿ ನಡುರಾತ್ರಿ ಸ್ವರ ಇಳಿಯುವುದರಿಂದ ಪ್ರತಿ ಅಂಕದ ಬಳಿಕ ಮತ್ತೆ ಕೂಡಿಸಬೇಕು. ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರರೂ ಕಲಾವಿದೆಯರೂ ಒಂದು ದಿನ ಮುಂಚೆ ಬಂದು ಕೂಡು ತಾಲೀಮು ಮಾಡಿದರೆ ಇದೆಲ್ಲ ಹೊಂದುತ್ತದೆ. ಆ ಒಂದು ದಿನದ ಸಂಬಳ ಕೊಡಲು ತಂಡದ ಹತ್ತಿರ ದುಡ್ಡಿರುವುದಿಲ್ಲ. ಸಂಜೆ ಬಸ್ಸಿಳಿದ ಕಲಾವಿದೆ ಬಣ್ಣ ಹಚ್ಚಿಸಿಕೊಳ್ಳುತ್ತಲೇ ಮಾತು ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಅವಳು ತಪ್ಪಿದಳೆಂದು ದೂರುವುದು ನ್ಯಾಯವಲ್ಲ.

ಬಣ್ಣಕ್ಕೆ ಒಬ್ಬರಿಗೆ ಅರ್ಧ ಗಂಟೆ ಹಿಡಿಯಿರಿ. ಹನ್ನೆರಡು ಪಾತ್ರ, ಇಬ್ಬರು ಬಣ್ಣದವರು ಎಂದರೆ ಮೂರು ಗಂಟೆ. ಒಂಬತ್ತಕ್ಕೆ ಪರದೆ ಸರಿಯಬೇಕಾದರೆ ಆರಕ್ಕೇ ಕೂಡಬೇಕು. ಇಷ್ಟು ಮಾಡಿ ಸಿದ್ಧವಾದ ಮೇಲೆ ಶುರುವಾಗುತ್ತದೆ ಸನ್ಮಾನ. ಶಾಲು, ಹಾರ, ಭಾಷಣ, ಹನ್ನೊಂದೂವರೆ. ನಡುವೆ ದುಃಖದ ದೃಶ್ಯ ನಿಲ್ಲಿಸಿ ‘ಇಂಥವರಿಂದ ಕಲಾಕಾಣಿಕೆ ನೂರೊಂದು ರೂಪಾಯಿ’ ಎಂದು ಕೂಗಬೇಕು. ಕೊಟ್ಟವರ ಪ್ರೀತಿ ನಿಜ. ಆದರೆ ಅತ್ತು ಅತ್ತು ಆ ಭಾವಕ್ಕೆ ಬಂದ ಕಲಾವಿದೆ ಮತ್ತೆ ಅಲ್ಲಿಂದ ಎತ್ತಿಕೊಳ್ಳುವುದು ಎಷ್ಟು ಕಷ್ಟವೆಂದು ಒಮ್ಮೆ ಯೋಚಿಸಬೇಕು.

ಇದು ಊರಿನ ಹವ್ಯಾಸದ ಮಾತಷ್ಟೇ ಅಲ್ಲ. ವಿಜಯಪುರದ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ನಾಟಕಕಾರ ಹನುಮಂತರಾಯರು ಕಂದಗಲ್ಲಿನವರು. ನಟ ಬಾಳಪ್ಪನವರು ಏಣಗಿಯವರು, ಗಾಯಕಿ-ನಟಿ ಅಮೀರ್‌ಬಾಯಿ ಬೀಳಗಿಯವರು, ಶ್ರೀಕೃಷ್ಣ ಪಾರಿಜಾತ ಬಯಲಾಟದ ನಿಂಗಮ್ಮ ಕೌಜಲಗಿಯವರು. ಎಲ್ಲರೂ ಸಣ್ಣ ಊರುಗಳಿಂದ ಬಂದವರೇ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಇಂದಿಗೂ ಟೆಂಟು ಹಾಕುತ್ತವೆ. ಅಲ್ಲಿ ಟಿಕೆಟ್ ತೆಗೆದುಕೊಳ್ಳಿ, ಪಾಸು ಕೇಳಬೇಡಿ.

ನಿಮ್ಮ ಊರ ತಂಡಕ್ಕಾದರೆ ತಾಲೀಮು ನಡೆಯುವ ಗುಡಿಗೆ ಹೋಗಿ ಕೊಡುವ ಹಣ ಈಗಲೇ ಕೊಡಿ. ಹೆಸರುಗಳನ್ನೆಲ್ಲ ಹಲಗೆಯ ಮೇಲೆ ಬರೆದು ಸ್ಟೇಜಿನ ಪಕ್ಕ ನಿಲ್ಲಿಸಿದರೆ ರಾತ್ರಿಯಿಡೀ ಎಲ್ಲರೂ ಓದುತ್ತಾರೆ. ಹಣ ಬೇಡವೆಂದರೆ ಜನರೇಟರಿಗೆ ಡೀಸೆಲ್ ಹಾಕಿಸಿ, ಇಲ್ಲವೇ ಕಲಾವಿದೆಯರಿಗೆ ಬಾಗಿಲು ಹಾಕಿಕೊಳ್ಳಲು ಬರುವ ಒಂದು ಕೋಣೆ, ಬಿಸಿನೀರು, ಊಟ ನಿಮ್ಮ ಮನೆಯಲ್ಲಿ ಆಗಲಿ. ಬೆಳಗಿನ ಮೊದಲ ಬಸ್ಸಿಗೆ ಹೊರಡುವ ಮುಂಚೆ ಅವರ ಸಂಬಳ ಪೂರ್ತಿ ಕೈಸೇರಿತೇ ಎಂದು ತಂಡದ ಹಿರಿಯರನ್ನು ಕೇಳಿ.