ಡಿಫಿಬ್ರಿಲೇಟರಿಗೆ ಹೊಸ ಜಾಗ
ಅಪ್ಪಾಜಿಯವರ ಎದೆಯಲ್ಲಿರುವ ಡಿಫಿಬ್ರಿಲೇಟರನ್ನು (ಹೃದಯದ ಬಡಿತ ಅಪಾಯಕಾರಿಯಾಗಿ ಹದಗೆಟ್ಟಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಸಾಧನ) ಕಾಲರ್ ಬೋನ್ ಕೆಳಗೆ ಚರ್ಮದಡಿ ಮಾಡಿದ್ದ ಜೇಬಿನಿಂದ ತೆಗೆದು ಎದೆಯ ಸ್ನಾಯುವಿನ ಅಡಿಗೆ ಸರಿಸುವ ಶಸ್ತ್ರಚಿಕಿತ್ಸೆ ಮುಗಿದು, ಅವರನ್ನು ದಾವಣಗೆರೆಯ ಮನೆಗೆ ಕರೆತಂದಿದ್ದೇವೆ. ಮೈ ಇಳಿದಂತೆಲ್ಲ ಚರ್ಮ ತೆಳುವಾಗಿ ಸಾಧನದ ಅಂಚು ಎದ್ದು ಕಾಣುತ್ತಿತ್ತು. ಅಲ್ಲಿ ಚರ್ಮ ಸವೆದು ಬಾಯಿ ಬಿಟ್ಟರೆ ಸೋಂಕು ಸಾಧನಕ್ಕೆ ಜೋಡಿಸಿದ ತಂತಿಗಳ ಗುಂಟ ಹೃದಯವನ್ನೇ ತಲುಪಬಹುದೆಂದೂ, ಆಗ ತಂತಿಗಳ ಸಮೇತ ಎಲ್ಲವನ್ನೂ ಹೊರತೆಗೆಯಬೇಕಾಗುತ್ತದೆಂದೂ ವೈದ್ಯರು ವಿವರಿಸಿದ ಮೇಲೆ ನಾವು ತಡಮಾಡಲಿಲ್ಲ. 1980ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಸಿದಾಗ, ಇದನ್ನು ಹೊಟ್ಟೆಯ ಭಾಗದಲ್ಲಿ ಇರಿಸಬೇಕಾಗುವಷ್ಟು ದೊಡ್ಡದಾಗಿತ್ತು. ಈಗ ಅಂಗೈಯಲ್ಲಿ ಅಡಗುವಷ್ಟಾಗಿದ್ದರೂ ಬಡಕಲು ಮೈಗೆ ಅದೂ ಹೊರೆಯೇ. ಸದ್ಯಕ್ಕೆ ಅವರು ಎಡಗೈಯನ್ನು ಭುಜದ ಮೇಲಕ್ಕೆ ಎತ್ತುವಂತಿಲ್ಲ. ನೋಡಲು ಬರುವ ಬಂಧುಗಳು ಅವರೆದುರು ಬೆಣ್ಣೆದೋಸೆಯ ಮಾತನ್ನು ಎತ್ತಬಾರದೆಂದು ವಿನಂತಿ.