ಜನರಿಗೇ ನೀರಿಲ್ಲದಾಗ ಹಳ್ಳಕ್ಕೆ ಯಾಕೆ ಬಿಡಬೇಕು?

ಅಂತರ್ಜಲದ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬರುತ್ತದೆ: “ಜನರಿಗೇ ಸಾಲದ ನೀರನ್ನು ಹಳ್ಳಕ್ಕೆ, ಮೀನಿಗೆ, ಮರಕ್ಕೆ ಅಂತ ಎತ್ತಿಡೋದು ನ್ಯಾಯವೇ?” ಎತ್ತಿಡಲೇಬೇಕು ಅನ್ನುವುದು ನನ್ನ ಉತ್ತರ. ಲೆಕ್ಕ ಹಾಕಿಯೇ ನೋಡೋಣ.

ಒಂದು ಹೆಕ್ಟೇರ್ ಮೇಲೆ 1 ಮಿ.ಮೀ. ಮಳೆಯಾದರೆ 10,000 ಲೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಬೀಳುವ, ಅಡಿಯಲ್ಲಿ ಗಟ್ಟಿ ಕಲ್ಲಿರುವ 100 ಹೆಕ್ಟೇರ್ ಜಾಗ ಎಂದಿಟ್ಟುಕೊಳ್ಳಿ. ಹತ್ತರಲ್ಲೊಂದು ಪಾಲು ಇಂಗಿದರೆ 7 ಕೋಟಿ ಲೀಟರ್. ಐನೂರು ಜನಕ್ಕೆ ತಲಾ ದಿನಕ್ಕೆ 100 ಲೀಟರ್‌ನಂತೆ ವರ್ಷಕ್ಕೆ ಸುಮಾರು 1.8 ಕೋಟಿ. ಇದು ಮೊದಲ ಹಕ್ಕು, ಇದರಲ್ಲಿ ಚೌಕಾಸಿ ಬೇಡ. ಹಳ್ಳಕ್ಕೆ ನಾನಾದರೆ ಶೇ. 30 ಬಿಡುತ್ತೇನೆ, 2.1 ಕೋಟಿ. ಉಳಿದದ್ದು 3.1 ಕೋಟಿ. ಬೇಸಿಗೆ ಭತ್ತ ಹೆಕ್ಟೇರಿಗೆ ಕೋಟಿ ಲೀಟರ್‌ಗೂ ಮೇಲೆ ಕೇಳುತ್ತದೆ, ಮೂರು ಹೆಕ್ಟೇರ್‌ಗೇ ಎಲ್ಲ ಮುಗಿಯಿತು. (ಗದ್ದೆಯ ನೀರು ಒಂದಷ್ಟು ಮರಳಿ ಇಂಗುತ್ತದೆ, ಆದರೂ ಅಂತರ ದೊಡ್ಡದೇ.) 400 ಮಿ.ಮೀ. ಸಾಕಾಗುವ ಕಾಳು, ಸಿರಿಧಾನ್ಯ ಹಾಕಿದರೆ ಏಳು ಹೆಕ್ಟೇರ್ ದಾಟುತ್ತದೆ. ಹಳ್ಳದ ಪಾಲನ್ನು ಕಸಿಯುವುದು ಕುಡಿಯುವ ನೀರಿಗಿಂತ ಹೆಚ್ಚಾಗಿ ನಮ್ಮ ಬೆಳೆಯ ಆಯ್ಕೆ.

ಇಂಗಿದಷ್ಟೇ ಎತ್ತಿದರೆ ಸರಿಹೋಯಿತಲ್ಲ ಅನ್ನುವವರಿದ್ದಾರೆ. ಮಳೆ ನಿಂತ ಮೇಲೆ ಹಳ್ಳದಲ್ಲಿ ಹರಿಯುವುದು ಇಂಗಿದ ನೀರೇ. ಅಷ್ಟನ್ನೂ ಎತ್ತಿದರೆ ಕಾಗದದ ಮೇಲೆ ಲೆಕ್ಕ ಸರಿಯಿರುತ್ತದೆ, ಹಳ್ಳ ಒಣಗಿರುತ್ತದೆ. ಅದಕ್ಕೂ ಮೀರಿ ಎತ್ತಿದರೆ ಪೆಟ್ಟು ಜನರಿಗೇ. ಇಂಥ ಕಲ್ಲಿನಲ್ಲಿ ನೀರು ಬಿಟ್ಟುಕೊಡುವ ಸಂದು ಶೇ. 2ರ ಆಸುಪಾಸು, ಹಾಗಾಗಿ 70 ಮಿ.ಮೀ. ಹೆಚ್ಚು ಎತ್ತಿದರೆ ಮಟ್ಟ ಮೂರೂವರೆ ಮೀಟರ್ ಕುಸಿಯುತ್ತದೆ. ಮೊದಲು ಬತ್ತುವುದು ಆಳ ಕಡಿಮೆಯಿರುವ ತೆರೆದ ಬಾವಿ. ಆಳಕ್ಕೆ ಕೊರೆಸಲು ದುಡ್ಡಿಲ್ಲದವರು ನೆಚ್ಚಿಕೊಂಡಿರುವುದು ಅದನ್ನೇ.

ಹನಿ ನೀರಾವರಿಯನ್ನೇ ಪರಿಹಾರ ಅಂದುಕೊಳ್ಳಬೇಡಿ. ಉಳಿದ ನೀರಿನಲ್ಲಿ ಇನ್ನಷ್ಟು ಜಾಗ ಬಿತ್ತಿದರೆ ಎತ್ತುವ ನೀರು ಅಷ್ಟೇ ಇರುತ್ತದೆ, ಮರಳಿ ಇಂಗುತ್ತಿದ್ದದ್ದೂ ಕಡಿಮೆಯಾಗುತ್ತದೆ. ಮೊದಲು ನೀರಾವರಿ ಜಾಗಕ್ಕೆ ಮಿತಿ, ಆಮೇಲೆ ಪೈಪು.

ಮಟ್ಟವನ್ನು ಮಳೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಬಾವಿಯಲ್ಲಿ ಅಳೆಯಿರಿ. ಹಿಂದಿನ ಸಂಜೆಯೇ ಪಂಪ್ ನಿಲ್ಲಿಸಿ. ಓಡುವ ಪಂಪ್ ತನ್ನ ಸುತ್ತಲಿನ ಮಟ್ಟವನ್ನು ಕೆಳಗೆ ಎಳೆದಿರುತ್ತದೆ. ಟೇಪಿನ ತುದಿಗೆ ಭಾರ ಕಟ್ಟಿ, ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟರೆ ಒದ್ದೆಯಾದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಮಳೆ ಚೆನ್ನಾಗಿಯೇ ಆದ ಎರಡು ವರ್ಷ ಸತತವಾಗಿ ಮಟ್ಟ ಹಿಂದಿನಷ್ಟು ಏರದಿದ್ದರೆ ಬೇಸಿಗೆ ಬೆಳೆಯ ಜಾಗ ಇಳಿಸಬೇಕು. ಅದನ್ನು ಬಿತ್ತನೆಗೆ ಮೊದಲೇ ತೀರ್ಮಾನಿಸಬೇಕು. ಪೈರು ನಿಂತ ಮೇಲೆ ನೀರು ನಿಲ್ಲಿಸಿ ಅಂದರೆ ಯಾವ ರೈತನೂ ಕೇಳುವುದಿಲ್ಲ, ಕೇಳಲಿ ಅನ್ನುವುದೂ ನ್ಯಾಯವಲ್ಲ.