ಟೇಪು ಸುತ್ತಿ ದನದ ತೂಕ ತಿಳಿಯುವುದು

ಮಾಂಸಕ್ಕೆ ಸಾಕುವ ಕೋಣವಾಗಲಿ, ಉಳುವ ಎತ್ತಾಗಲಿ, ತೂಕ ಗೊತ್ತಿಲ್ಲದಿದ್ದರೆ ಮೇವಿನ ಲೆಕ್ಕವೂ ತಪ್ಪುತ್ತದೆ, ಔಷಧದ ಲೆಕ್ಕವೂ ತಪ್ಪುತ್ತದೆ. ಕಣ್ಣಂದಾಜಿಗೆ 200 ಕೆಜಿ ಅನ್ನಿಸಿದ ದನ ಅಳೆದು ನೋಡಿದರೆ 270 ಇರಬಹುದು.

ಎರಡು ಅಳತೆ ಸಾಕು. ಮೊದಲನೆಯದು ಎದೆಯ ಸುತ್ತಳತೆ: ಮುಂಗಾಲಿನ ಹಿಂದೆಯೇ, ನಾಟಿ ದನವಾದರೆ ಡುಬ್ಬದ ಹಿಂದೆ ಟೇಪು ಸುತ್ತಬೇಕು. ಡುಬ್ಬದ ಮೇಲೆ ಹಾಯಿಸಿದರೆ ಲೆಕ್ಕ ಕೆಟ್ಟಿತು. ಎರಡನೆಯದು ಉದ್ದ: ಮುಂಭಾಗದ ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕ ಉಬ್ಬಿರುವ ಮೂಳೆಯವರೆಗೆ. ಎರಡನ್ನೂ ಇಂಚಿನಲ್ಲಿ ಬರೆದುಕೊಂಡು, ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 60, ಉದ್ದ 50 ಇದ್ದರೆ ಸುಮಾರು 272 ಕೆಜಿ.

ದರ್ಜಿಯ ಟೇಪು 60 ಇಂಚಿಗೇ ಮುಗಿಯುತ್ತದೆ, ದೊಡ್ಡ ದನಕ್ಕೆ ಸಾಲದು. ಹಗ್ಗ ಸುತ್ತಿ ಆಮೇಲೆ ಅಳೆಯಬಹುದು, ಆದರೆ ಹಿಗ್ಗುವ ನೈಲಾನ್ ಹಗ್ಗ ಬೇಡ. ಬೆಳಿಗ್ಗೆ ಮೇವು ನೀರು ಕೊಡುವ ಮೊದಲು, ಸಮನೆಲದಲ್ಲಿ, ನಾಲ್ಕೂ ಕಾಲು ನೆಟ್ಟಗೆ ಊರಿ ನಿಂತಾಗಲೇ ಅಳೆಯಿರಿ. ಟೇಪು ಮೈಗೆ ಅಂಟಿರಬೇಕು, ಚರ್ಮ ಒತ್ತಬಾರದು. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಇಷ್ಟು ಕಟ್ಟುನಿಟ್ಟು ಯಾಕೆಂದರೆ ಸುತ್ತಳತೆಯಲ್ಲಿ ಒಂದೇ ಇಂಚು ಹೆಚ್ಚು ಬಂದರೂ ಮೇಲಿನ ದನಕ್ಕೆ 9 ಕೆಜಿ ಏರುತ್ತದೆ. ದಿನಕ್ಕೆ 400 ಗ್ರಾಂ ಬೆಳೆಯುವ ಕರು ತಿಂಗಳಿಗೆ ಬೆಳೆಯುವುದೇ 12 ಕೆಜಿ. ಟೇಪು ಸಡಿಲ ಬಿಟ್ಟರೆ ತಿಂಗಳ ಬೆಳವಣಿಗೆ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಪ್ರತಿ ಸಲವೂ ಅದೇ ವ್ಯಕ್ತಿ ಅಳೆಯುವುದು ಒಳ್ಳೆಯದು. ತುಂಬು ಗಬ್ಬದ ಹಸುವಿಗೂ ಹೊಟ್ಟೆ ಉಬ್ಬರಿಸಿದ ದನಕ್ಕೂ ಈ ಲೆಕ್ಕ ನಂಬಬೇಡಿ.

ಮೇವಿಗೆ ಬಂದರೆ, ದಿನಕ್ಕೆ ತೂಕದ ಶೇ. 2.5ರಷ್ಟು ಒಣ ಅಂಶ, ಅಂದರೆ ಮೇವಿನಲ್ಲಿ ನೀರು ಕಳೆದು ಉಳಿಯುವ ಭಾಗ, ಎಂದು ಹಿಡಿಯಿರಿ. 272 ಕೆಜಿಗೆ 6.8 ಕೆಜಿ. ಹಸಿ ನೇಪಿಯರ್ ಹುಲ್ಲಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರೇ, 10 ಕೆಜಿ ಹಾಕಿದರೂ ಹೊಟ್ಟೆಗೆ ಸೇರುವ ಒಣ ಅಂಶ 2 ಕೆಜಿ. ಉಳಿದ 4.8 ಕೆಜಿ, ಮೂರೂಕಾಲು ಕೆಜಿ ಒಣ ಹುಲ್ಲು ಮತ್ತು 2 ಕೆಜಿ ಹಿಂಡಿ-ಬೂಸಾದಿಂದ ಬರಬೇಕು; ಇವುಗಳಲ್ಲೂ ಸ್ವಲ್ಪ ನೀರಿರುವುದರಿಂದ ತೂಕ ತುಸು ಹೆಚ್ಚು ಬೇಕು.

ತೂಕದ ತಪ್ಪು ಹೆಚ್ಚು ಕಾಡುವುದು ಜಂತುಹುಳುವಿನ ಔಷಧದಲ್ಲಿ. ಅಲ್ಬೆಂಡಜೋಲ್ ದುಂಡುಹುಳುವಿಗೆ ಕೆಜಿಗೆ 7.5 ಮಿಲಿಗ್ರಾಂ. ಶೇ. 2.5ರ ದ್ರಾವಣದಲ್ಲಿ ಈ ದನಕ್ಕೆ 82 ಮಿಲಿ. 200 ಕೆಜಿ ಎಂದು ಭಾವಿಸಿ 60 ಮಿಲಿ ಕುಡಿಸಿದರೆ ಗಟ್ಟಿ ಹುಳುಗಳು ಬದುಕಿ ಉಳಿದು, ಔಷಧ ತಡೆಯುವ ಸಂತತಿಯನ್ನೇ ಬೆಳೆಸುತ್ತವೆ. ಶೇ. 10ರ ಬಾಟಲಿಯೂ ಅಂಗಡಿಯಲ್ಲಿ ಸಿಗುತ್ತದೆ, ಅದರಲ್ಲಿ 20 ಮಿಲಿ ಸಾಕು. ಲೇಬಲ್ ಓದದೆ ಅಳತೆ ಮಾಡಬೇಡಿ. ಗಬ್ಬದ ಮೊದಲ 45 ದಿನ ಈ ಔಷಧ ಬೇಡವೇ ಬೇಡ, ಭ್ರೂಣಕ್ಕೆ ಅಪಾಯ. ಔಷಧ ಕೊಟ್ಟ ಮೇಲೆ ಹಾಲು, ಮಾಂಸವನ್ನು ಎಷ್ಟು ದಿನ ಬಳಸಬಾರದೆಂಬುದನ್ನೂ ಅದೇ ಲೇಬಲ್ಲಿನಲ್ಲಿ ನೋಡಿಕೊಳ್ಳಿ.

ಗೊಟ್ಟದಲ್ಲಿ ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ನಾಲಿಗೆ ಎಳೆದು ಹಿಡಿಯಬೇಡಿ. ಮೂತಿ ನೇರಕ್ಕಿಂತ ಸ್ವಲ್ಪವೇ ಮೇಲಿರಲಿ. ಬಾಯಿಯ ಮೂಲೆಯಿಂದ ತೂರಿಸಿ, ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ನುಂಗುವುದನ್ನು ಕಾಯಿರಿ. ಕೆಮ್ಮಿದರೆ ಕೂಡಲೇ ತಲೆ ಕೆಳಗೆ ಬಿಡಿ: ಔಷಧ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಮುಂದಿನ ಎರಡು ಮೂರು ದಿನ ಜ್ವರ, ಏದುಸಿರು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.